ಇಪ್ಪತ್ತು ಕಿಲೋದೊಳಗಿನದು

ವಾಲ್ವಿಸ್ ಬೇಯ ಉಪ್ಪಿನ ಕಾರ್ಖಾನೆಯಲ್ಲಿ
ಲಾರಿ ತೂಗುವವಳು ನಾನು, ಇಪ್ಪತ್ತಾರು ವರ್ಷ.
ನನ್ನ ತಕ್ಕಡಿ ಇಪ್ಪತ್ತಿಪ್ಪತ್ತು ಕಿಲೋ ಮೆಟ್ಟಿಲು ಹತ್ತುತ್ತದೆ.
ಅದಕ್ಕಿಂತ ಹಗುರಾದದ್ದು ಅದರ ಪಾಲಿಗೆ ಹುಟ್ಟೇ ಇಲ್ಲ:
ಡ್ರೈವರನ ಊಟದ ಡಬ್ಬಿ, ಟಾರ್ಪಾಲಿಗೆ ಮೆತ್ತಿದ ಕಡಲ ಮಂಜು,
ಕ್ಯಾಬಿನ್ನಿನ ನೆತ್ತಿಯಲ್ಲಿ ಕೂತ ಹಕ್ಕಿ.

ಇಂಥವಳಿಗೆ ಬಕ್ಕಿ ಮಾರಲು ಬಂದ ದಿರ್ಗಾರ್ಟ್.
ಪಿಕಪ್ಪಿಗೆ ನಮ್ಮ ಕಡೆ ಬಕ್ಕಿ ಎಂದೇ ಹೆಸರು.
'ನಾಲ್ಕು ಬಾಗಿಲು, ಚರ್ಮದ ಸೀಟು,
ಬೆಟ್ಟ ಕಟ್ಟಿದರೂ ಎಳೆದೀತು.'
ಎಳೆಯುವುದಲ್ಲ ಮಾರಾಯ, ಹೊರುವುದು ಹೇಳು.
ಎಳೆತ ಎಂಜಿನ್ನಿನ ಜಂಬ,
ಹೊರೆ ಬೆನ್ನಿಗೆ ಗೊತ್ತು.
ಬಾಗಿಲ ಸಂದಿನ ಚೀಟಿಗೆ ಕನ್ನಡಕ ಏರಿಸಿದೆ:
ಎಂಟುನೂರ ಐವತ್ತು.

ಓಟ್ನಿಯೆಲ್ ಆಗಲೇ ಹಿಂದಿನ ಸೀಟಿನಲ್ಲಿ ಕೂತು
ಬಾಗಿಲು ತೆಗೆದು ಮುಚ್ಚಿ, ತೆಗೆದು ಮುಚ್ಚಿ.

ಹೊರಬೇಕಾದದ್ದು ಒಂದು ಪೆಟ್ಟಿಗೆ ಮನೆ.
ಸ್ವಾಕೋಪ್‌ಮುಂಡಿನ ಬಡಗಿ ಉವೆ
ತನಗೆಂದು ಕಟ್ಟಿ, ಕಣ್ಣು ಮಂಜಾಗಿ, ನಮಗೆ ಕೊಟ್ಟದ್ದು.
'ನಾನೂರ ಇಪ್ಪತ್ತು ಕಿಲೋ' ಎಂದಿದ್ದ, ಆಣೆ ಹಾಕಿ.
ಒಣ ತೂಕ ಅದು. ಯಾರಾದರೂ ಒಣಗಿ ಬದುಕುತ್ತಾರೆಯೇ?
ನೀರು, ಗ್ಯಾಸು, ಫ್ರಿಜ್ಜು, ಎರಡನೇ ಸ್ಟೆಪ್ನಿ,
ಜೋಳದ ಹಿಟ್ಟು, ಜ್ಯಾಕು.
ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಸುಲಭ,
ಆರಡಿ ಮೂರಂಗುಲದವನಿಗೆ ಹಲಗೆಯನ್ನೇ ಚಾಚಬೇಕಾಯಿತು.
ಭಾನುವಾರ ಎಲ್ಲ ತುಂಬಿ ತೂಗಿದೆ.
ಏಳುನೂರ ಇಪ್ಪತ್ತು.

ನಾವಿಬ್ಬರು ನೂರ ಅರವತ್ತೇಳು,
ಮುಂದಿನ ಉಕ್ಕಿನ ಗೂಟಕ್ಕೆ ಅರವತ್ತು.
ಕೂಡಿ ಕಳೆದೆ:
ಹೆಚ್ಚಾದದ್ದು ತೊಂಬತ್ತೇಳು.
'ಸರಿಸುಮಾರು ನೀನೇ' ಎಂದೆ.
ಅವನು ನಗಲಿಲ್ಲ.

ಮೇಲಾಗಿ ನಾಲ್ಕು ಬಾಗಿಲಿನದು ತೊಟ್ಟಿ ಗಿಡ್ಡ.
ಭಾರ ಹಿಂದಿನ ಅಚ್ಚಿನಾಚೆ ಜೋತುಬಿದ್ದರೆ
ಮುಂದಿನ ಚಕ್ರ ನೆಲವನ್ನು ಬರೀ ಸವರುತ್ತದೆ;
ಜಲ್ಲಿ ದಾರಿಯಲ್ಲಿ ಸ್ಟಿಯರಿಂಗ್ ಎಂಬುದು
ಕೇಳಿಸಿಕೊಂಡೂ ಕೇಳದ ಗಂಡನಂತೆ.

ಎರಡು ಬಾಗಿಲಿನದೇ ಸರಿ ಎಂದೆ. ಉದ್ದ ತೊಟ್ಟಿ, ಪಟ್ಟಿ ಸ್ಪ್ರಿಂಗು.
'ಹಿಂದಿನ ಸೀಟು?' ಎಂದ.
ಯಾರಿಗೆ?
'ನಿಂತವರಿಗೆ.'

ಮರೆತಿದ್ದೆ. ಹತ್ತೊಂಬತ್ತು ವರ್ಷ
ಹೆಂಟೀಸ್ ಬೇಯಿಂದ ಊಯಿಸ್‌ಗೆ ಬ್ರೆಡ್ಡಿನ ವ್ಯಾನು ಓಡಿಸಿದವನು.
ದಾರಿಬದಿ ಕೈ ಎತ್ತಿದ ಒಬ್ಬರನ್ನೂ
ಧೂಳಿನಲ್ಲಿ ಬಿಟ್ಟು ಬಂದವನಲ್ಲ.
ಎರಡು ಸಲ ನೌಕರಿ ಹೋಗಬೇಕಿತ್ತು,
ಬ್ರೆಡ್ಡು ನಜ್ಜುಗುಜ್ಜಾದದ್ದಕ್ಕೆ.
ಅಲ್ಲಿ ಒಂದು ಗಾಡಿ ತಪ್ಪಿದರೆ ಇನ್ನೊಂದು ನಾಳೆ.

ಆ ವಾದ ಮೂರು ವಾರ ನಡೆಯಿತು.
ಅವನ ಮಾತು ಕಡಿಮೆ, ಪಾತ್ರೆಗಳ ಸದ್ದು ಜಾಸ್ತಿ.

ಕೊನೆಗೆ ಸಿಕ್ಕಿದ್ದು ಅಂಗಡಿಯಲ್ಲಲ್ಲ, ಉಪ್ಪಿನ ಗುಡ್ಡೆಯ ಹಿಂದೆ.
ಕಂಪನಿ ಹರಾಜಿಗಿಟ್ಟ ಹಳೆಯ ಬಿಳಿ ಬಕ್ಕಿ.
ಅಡಿಯ ತುಕ್ಕಿಗೆ ಸುತ್ತಿಗೆ ಬಡಿದು ಕಿವಿಗೊಟ್ಟೆ:
ಚಾಸಿ ಖಣ್ಣೆಂದಿತು, ಬಾಗಿಲು ಮಾತ್ರ ಬೊದ್.
ಒಳಗೆ ಬಿಡಿ ಸೀಟಿಲ್ಲ, ಒಂದೇ ಉದ್ದ ಬೆಂಚು.
ಓಟ್ನಿಯೆಲ್ ಅದರ ನಡುವೆ ಅಂಗೈ ಊರಿ
ಎದ್ದು ಬಂದ ಧೂಳನ್ನು ನೋಡಿದ.

ಸಾವಿರ ಹೊರುತ್ತದೆ. ನಾವು ಹೋಗಿ, ಮನೆ ಹೋಗಿ
ನೂರ ಹದಿಮೂರು.
ಹದಿಮೂರನ್ನು ದಾರಿಯ ಮಣ್ಣಿಗೆ ಬಿಟ್ಟೆ.

ಮರುದಿನ ಅವನೇ ಒಂದು ಎರಕದ ಒಲೆ ಹೊತ್ತು ತಂದ,
ಬರೀ ಮೂವತ್ತು ಕಿಲೋ, ಜಾಗ ಖಾಲಿ ಇದೆಯಲ್ಲ ಎಂದ.
ಕೆಳಗಿಡು.
ಆ ನೂರು ಖಾಲಿಯಲ್ಲ.
ಅದು ಇನ್ನೂ ಎಲ್ಲೋ ದಾರಿಯಲ್ಲಿ ನಿಂತಿದೆ.

ಊಯಿಸ್ ದಾಟುವ ಮೊದಲೇ ಸಿಕ್ಕಿತು:
ಹೂವಿನ ರುಮಾಲು ಕಟ್ಟಿದ ಅಜ್ಜಿ,
ಐವತ್ತೈದು, ಅರವತ್ತು ಇದ್ದಾಳು,
ಕಂಕುಳಲ್ಲಿ ಮೇಕೆ ಮರಿ.
ಹತ್ತಿ, ನಡುವೆ ಕೂತು, ಮರಿಯನ್ನು ನನ್ನ ಮಡಿಲಿಗೆ ಹಾಕಿದಳು,
ಕೇಳಲಿಲ್ಲ.
ಅದು ಗೇರಿನ ಗುಂಡನ್ನು ಚೀಪತೊಡಗಿತು.

ಓಟ್ನಿಯೆಲ್ ಓರೆಗಣ್ಣಲ್ಲಿ ನೋಡಿದ, ಬೈಗುಳಕ್ಕೆ ಕಾದು.

ಹೋಗು, ಎಂದೆ.
ಹದಿನೈದರ ಮೇಲಿಲ್ಲ ಇದು.
ನನ್ನ ತಕ್ಕಡಿಗೆ ಕಾಣುವುದಿಲ್ಲ.